ಕಾಟಾ ಸೂಗಪ್ಪ ವಿಮಾನ ತೂಗಿದ್ದು

ಶಹಾಪುರದ ಸೂಗಪ್ಪನಿಗೆ ದೇವರು ಎರಡು ಕಣ್ಣು ಕೊಟ್ಟಿದ್ದು ಒಂದು ಇನ್ನೊಂದರ ಮೇಲೆ ಕಾವಲಿರಲಿ ಎಂದು. ಕೈಮೇಲೆ ಸೊಳ್ಳೆ ಕೂತರೆ ಅವನು ಹೊಡೆಯುತ್ತಿರಲಿಲ್ಲ. ಕುಡಿದು ಎದ್ದಮೇಲೆ ಅದು ಹಾರುವ ಎತ್ತರ ನೋಡಿ, ತನ್ನಿಂದ ಎಷ್ಟು ಒಯ್ದಿತು ಎಂದು ಅಂದಾಜು ಕಟ್ಟುತ್ತಿದ್ದ. ತನ್ನ ಮದುವೆಯಲ್ಲಿ ಅಕ್ಕಿಕಾಳು ತಲೆಮೇಲೆ ಬೀಳುತ್ತಿರುವಾಗಲೇ ಐನೋರ ಕಡೆ ವಾಲಿ, "ಬುಟ್ಟಿಯೊಳಗ ಇದಕ್ಕಿಂತ ಜಾಸ್ತಿ ಇತ್ತಲ್ರಿ, ಉಳಿದದ್ದು ಎಲ್ಲಿ ಹೋತು?" ಎಂದು ಕೇಳಿದನಂತೆ. ಹೆಂಡತಿ ಗೊಲ್ಲಾಳಮ್ಮನಿಗೆ ಮುಂದಿನ ಬಾಳು ಹೇಗಿರುತ್ತದೆ ಎಂಬುದು ಅಲ್ಲಿಯೇ ತಿಳಿಯಿತು. ಆದರೆ ಅಷ್ಟೊತ್ತಿಗೆ ತಾಳಿ ಕಟ್ಟಿ ಆಗಿತ್ತು.

ಮೀಸೆ ಚಿಗುರಿದಾಗಿನಿಂದ ಮೀಸೆ ಬೆಳ್ಳಗಾಗುವವರೆಗೆ ಅವನು ಒಬ್ಬ ಹತ್ತಿ ವ್ಯಾಪಾರಿಯ ಅಂಗಳದಲ್ಲಿ ಕಾಟಾ ಮುಂದೆ ಕೂತವನು. ಕಾಟಾ ಅಂದರೆ ತಕ್ಕಡಿ. ಮೊದಲು ಕಬ್ಬಿಣದ್ದು, ಆಮೇಲೆ ಕೆಂಪು ಅಂಕಿ ಬೀಳುವ ಕರೆಂಟಿನದು. ಹಮಾಲರು ಅಂಡಿಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲ, ಇಡುವುದು, ಸೂಗಪ್ಪ ಅಂಕಿ ನೋಡುವುದು, ಅದರಲ್ಲಿ ಸೂಟು ಕಳೆದು ಉಳಿದ ತೂಕವನ್ನು ಸುರಪುರಕ್ಕೆ ಕೇಳುವಂತೆ ಕೂಗುವುದು. ಸೂಟು ಅಂದರೆ ಹಸಿ, ಧೂಳು, ಚೀಲ ಎಂದು ಹೇಳಿ ಕ್ವಿಂಟಲಿಗೆ ಎರಡು ಕಿಲೊ ಮುರಿಯುವ ಪದ್ಧತಿ. ಅದು ಕಾಯ್ದೆಯ ಯಾವ ಪುಟದಲ್ಲೂ ಇರಲಿಲ್ಲ, ಎಲ್ಲರ ಬಾಯಲ್ಲೂ ಇತ್ತು. ಜಗತ್ತಿನಲ್ಲಿ ಎಲ್ಲರನ್ನೂ ಸಂಶಯಪಟ್ಟ ಸೂಗಪ್ಪ ಸೂಟನ್ನು ಮಾತ್ರ ಒಂದು ದಿನವೂ ಸಂಶಯಪಡಲಿಲ್ಲ. ಮಳೆ ಕೆಳಗೇ ಏಕೆ ಬೀಳುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ಕೆಲಸ ಬಿಟ್ಟಮೇಲೆ ಅವನು ಮೂರು ದೊಡ್ಡ ಕಾಟಾ ಕೊಂಡು ಬಾಡಿಗೆಗೆ ಕೊಡತೊಡಗಿದ. ಕುರಿ ವ್ಯಾಪಾರಕ್ಕೆ, ಹುಣಸೆಹಣ್ಣಿಗೆ, ಹತ್ತಿ ಸುಗ್ಗಿಗೆ. ಕಾಟಾ ಒಯ್ಯುವವರು ಸೂಗಪ್ಪನನ್ನೂ ಒಯ್ಯಬೇಕು ಎಂಬುದು ಕರಾರು, ಏಕೆಂದರೆ ಬೇರೆಯವರ ಕೈಯಲ್ಲಿ ಬಿಟ್ಟರೆ ಕಾಟಾದ ಒಳಗಿನ ತಂತಿ ಬದಲಿಸಿ ಕೊಡುತ್ತಾರೆ ಎಂಬ ಗುಮಾನಿ. ಹೀಗಾಗಿ ಮುದನಾಳದಿಂದ ಕರೆ ಬಂದಾಗ, "ಏನು ತೂಗೂದದ?" ಎಂದು ಕೇಳಿದವನಿಗೆ "ವಿಮಾನ" ಎಂಬ ಉತ್ತರ ಬಂತು. ಅವನು ಫೋನನ್ನು ಕಿವಿಯಿಂದ ತೆಗೆದು, ಅದರ ಮುಖ ನೋಡಿ, ಮತ್ತೆ ಕಿವಿಗೆ ಇಟ್ಟ.

"ಗುಜರಿಗೆ ಹಾಕ್ಲಿಕತ್ತೀರೇನು?"

"ಇಲ್ರಿ, ಹಾರಿಸ್ಲಿಕ್ಕೆ."

"ಹಾರೂದನ್ನ ತೂಗೂದ್ಯಾಕ?" ಎಂದ ಸೂಗಪ್ಪ. ಅಲ್ಲಿಂದಲೇ ಅವನ ಸಂಶಯಕ್ಕೆ ರೆಕ್ಕೆ ಬಂತು.

ಮುದನಾಳದ ಆಚೆ, ಗರಸು ಹಾಕಿ ಗಟ್ಟಿ ಮಾಡಿದ ಉದ್ದನೆಯ ಪಟ್ಟಿ ಇತ್ತು, ಅದರ ತುದಿಗೆ ತಗಡಿನ ಶೆಡ್ಡು. ಹೊರಗಿನ ಊರಿನ ಧಣಿಯೊಬ್ಬ ತೊಗರಿ, ಹತ್ತಿಗೆ ಮ್ಯಾಲಿಂದ ಔಷಧಿ ಹೊಡೆಯಲು ಹಳದಿ ಬಣ್ಣದ ಸಣ್ಣ ವಿಮಾನ ತರಿಸಿದ್ದ. ಕೂಡುವುದಕ್ಕೆ ಒಬ್ಬರಿಗೇ ಜಾಗ; ಅವರ ಮುಂದೆ ಔಷಧಿಯ ದೊಡ್ಡ ಟಾಕಿ. ಅದು ಹಾರಿದ ಮೊದಲ ದಿನ ಪಕ್ಕದ ಊರು ಬಳಿಚಕ್ರದ ಕೋಳಿಗಳು ಗರುಡ ಬಂತೆಂದು ಒಲೆಯೊಳಗೆ ಹೊಕ್ಕವು, ಊರವರಿಗೆ ಆ ದಿನ ಕೋಳಿಸಾರಿಗೆ ಬೇರೆ ಬೆಂಕಿ ಹಚ್ಚುವ ಕೆಲಸ ಉಳಿಯಲಿಲ್ಲ. ಹೋದ ವಾರ ಇಳಿಯುವಾಗ ಎಮ್ಮೆಯೊಂದು ಅಡ್ಡ ಬಂದು, ಅದನ್ನು ತಪ್ಪಿಸಲು ಹೋಗಿ ವಿಮಾನ ಎಡಗಾಲು ಮುರಿದುಕೊಂಡಿತ್ತು. ಎಮ್ಮೆಗೆ ಏನೂ ಆಗಲಿಲ್ಲ; ಅದು ಇನ್ನೂ ಅಲ್ಲಿಯೇ ಮೇಯುತ್ತದೆ. ಹಳೆಯ ಕಾಲು ತೆಗೆದು ಅಂಥದೇ ಹೊಸ ಕಾಲು ಹಾಕಿದ್ದರು. ಹಾಗೆ ದೊಡ್ಡ ರಿಪೇರಿ ಆದಮೇಲೆ ವಿಮಾನವನ್ನು ತೂಗದೆ ಹಾರಿಸುವಂತಿಲ್ಲ. ಅವರದೇ ಕಾಟಾ ತರುವ ಲಾರಿ ದಾರಿಯಲ್ಲಿ ಎಲ್ಲೋ ಸಿಕ್ಕಿಬಿದ್ದದ್ದರಿಂದ ಸೂಗಪ್ಪನಿಗೆ ಕರೆ ಬಂದಿತ್ತು.

ಶೆಡ್ಡಿನ ಬಾಗಿಲಲ್ಲಿ ಲಾಠಿ ಹಿಡಿದು ನಿಂತವನನ್ನು ಕಂಡು ಸೂಗಪ್ಪ ಟೆಂಪೋದಿಂದ ಇಳಿಯುವ ಮೊದಲೇ ಒದರಿದ: "ಅರೇ ಮಕ್ತುಮ್! ನಿನ್ನ ಕೈಯಾಗ ಲಾಠಿ ಯಾರು ಕೊಟ್ರೋ? ಕಳ್ಳರಿಗೆ ಆಸರಾ ಆತಲ್ಲೋ!"

ಮಕ್ತುಮಸಾಬ ನಕ್ಕ. ಹತ್ತಿ ಅಂಗಳದಲ್ಲಿ ಮೂವತ್ತು ವರ್ಷ ಅವನ ಬೆನ್ನ ಮೇಲಿಂದ ಇಳಿದ ಅಂಡಿಗೆಗಳೇ ಸೂಗಪ್ಪನ ಕಾಟಾದ ಮೇಲೆ ಕೂತಿದ್ದವು. ಬೆನ್ನು ಸೋತಮೇಲೆ ಇಲ್ಲಿ ಕಾವಲಿಗೆ ಬಂದಿದ್ದ. "ಬಾ ಮಾವಾ," ಎಂದ. "ಈ ಹಕ್ಕಿ ಎಷ್ಟು ತೂಗ್ತದ ಅಂತ ನಾ ಎತ್ತಿ ಹೇಳ್ತಿದ್ನಿ, ಡಾಕ್ಟರ್ ಬ್ಯಾಡ ಅಂದಾನ."

ಒಳಗೆ ಇಬ್ಬರಿದ್ದರು. ಮಿಸ್ತ್ರಿ ಅಯ್ಯಪ್ಪ, ರೆಕ್ಕೆಯ ಕೆಳಗೆ ಅರ್ಧ ದಿನ, ಮೇಲೆ ಅರ್ಧ ದಿನ ಕಳೆಯುವ ಮಿತಭಾಷಿ. ಇನ್ನೊಬ್ಬಳು ವಿಮಾನ ಹಾರಿಸುವ ಕಹಕಶಾ, ಕಲಬುರಗಿಯ ಹುಡುಗಿ. ಹಾರಿಸುವವಳು ಹೆಣ್ಣು ಎಂದು ತಿಳಿದಾಗ ಸೂಗಪ್ಪನಿಗೆ ಸಂಶಯ ಬರಲಿಲ್ಲ. ಆದರೆ ಶೆಡ್ಡಿನ ಬಾಗಿಲು ಮುಚ್ಚಿ ಎಂದು ಆಕೆ ಹೇಳಿದಾಗ ಬಂತು.

"ಬಾಗಿಲಾ ಯಾಕ ಹಾಕ್ತೀರಿ ಬಾಯೀ? ತೂಕ ಅನ್ನೂದು ನಾಕು ಮಂದಿ ಮುಂದ ಆಗಬೇಕು."

"ಗಾಳಿ, ಕಾಕಾ. ರೆಕ್ಕಿ ಕೆಳಗ ಗಾಳಿ ಹೊಕ್ರ ತೂಕ ಕಮ್ಮಿ ತೋರಿಸ್ತದ."

ಗಾಳಿಯೂ ತೂಕ ಕದಿಯುತ್ತದೆ ಎಂಬುದು ಸೂಗಪ್ಪನಿಗೆ ಹೊಸ ಸುದ್ದಿ. ಇಷ್ಟು ವರ್ಷ ಆ ಕಳ್ಳನನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟೆನಲ್ಲ ಎಂದು ಅವನಿಗೆ ಕೆಡುಕೆನಿಸಿತು. ತಾನೇ ಹೋಗಿ ಬಾಗಿಲ ಸಂದಿಗೆ ಗೋಣಿ ತುರುಕಿ ಬಂದ.

ವಿಮಾನಕ್ಕೆ ಮುಂದೆ ಎರಡು ದೊಡ್ಡ ಗಾಲಿ, ಬಾಲಕ್ಕೆ ಒಂದು ಚಿಕ್ಕದು. ಮೂರು ಗಾಲಿಗೆ ಮೂರು ಕಾಟಾ. ಬಾಲವನ್ನು ಎತ್ತಿ, ಸ್ಟೂಲಿಟ್ಟು, ಮೈ ನೆಟ್ಟಗೆ ಮಾಡಬೇಕು. ಅಯ್ಯಪ್ಪ ಗೌಂಡಿಗಳ ರಸಮಟ್ಟ ಇಟ್ಟುಕೊಂಡು ಹಿಂದೆ ನಿಂತ. ಅವನ ಕಣ್ಣು ರಸಮಟ್ಟದ ಗುಳ್ಳೆ ಬಿಟ್ಟು ಕದಲುವಂತಿಲ್ಲ. ಕಹಕಶಾ ಪೆನ್ನು ಹಿಡಿದು ವಿಮಾನದ ಮೂಗಿನ ಹತ್ತಿರ ನಿಂತಳು. ಕಾಟಾದ ಅಂಕಿ ಬೀಳುವ ಡಬ್ಬಿಗಳನ್ನು ಸೂಗಪ್ಪ ತನ್ನ ಕಡೆಗೇ ತಿರುಗಿಸಿಕೊಂಡ. ಅಂಕಿಯನ್ನು ಬೇರೆಯವರಿಗೆ ತೋರಿಸುವುದು ಅವನ ವೃತ್ತಿಧರ್ಮದಲ್ಲಿ ಇರಲಿಲ್ಲ.

"ಮೂರೂ ಗಾಲೀದು ಬ್ಯಾರೆ ಬ್ಯಾರೆ ಯಾಕ? ಒಟ್ಟು ತೂಕ ಗೊತ್ತಾದ್ರ ಸಾಲದಾ?"

"ಚಕ್ಕಡಿ ಹೊಡದೀರಿ ಕಾಕಾ?" ಎಂದಳು ಆಕೆ. "ಮುಂದ ಭಾರ ಆದ್ರ ಏನಾಗ್ತದ?"

"ನೊಗ ಎತ್ತಿನ ಹೆಗಲು ಮುರೀತದ."

"ಹಿಂದ ಭಾರ ಆದ್ರ?"

"ನೊಗ ಮ್ಯಾಲೆದ್ದು ಎತ್ತಿನ ಕೊರಳು ಹಿಡೀತದ."

"ಇದಕ್ಕೂ ಅಷ್ಟಽ. ಮುಂದ ಭಾರ ಆದ್ರ ಮೂತಿ ಏಳಂಗಿಲ್ಲ. ಹಿಂದ ಭಾರ ಆದ್ರ ಮೂತಿ ಎದ್ದಿದ್ದು ಇಳಿಯಂಗಿಲ್ಲ. ಫರಕ್ ಏನಂದ್ರ, ಚಕ್ಕಡಿ ಮಗುಚಿದ್ರ ನೆಲಕ್ಕ ಬೀಳ್ತೀರಿ. ನಾನೂ ನೆಲಕ್ಕಽ ಬೀಳ್ತೇನಿ, ಆದ್ರ ದೂರದಿಂದ. ಮೂರು ಗಾಲಿ ತೂಕ ಸಿಕ್ರ ಇದರ ಭಾರ ಯಾವ ಜಾಗಾದಾಗ ತೂಗ್ತದ ಅಂತ ಲೆಕ್ಕ ಸಿಗ್ತದ. ಟಾಕಿಗಿ ಎಷ್ಟು ಔಷಧಿ, ಎಷ್ಟು ಎಣ್ಣಿ ಅನ್ನೂದು ಆಮ್ಯಾಲಿಂದು."

ಮೊದಲು ಕಾಟಾ ಸರಿಯಿದೆಯೇ ಎಂದು ನೋಡಲು ಅಯ್ಯಪ್ಪ ಐವತ್ತು ಕಿಲೊ ಸಿಮೆಂಟ್ ಚೀಲ ಇಡಿಸಿದ. ಸೂಗಪ್ಪ ಅಂಕಿ ನೋಡಿ ಕೂಗಿದ: "ನಲವತ್ತೊಂಬತ್ತು!"

"ಸಿಮೆಂಟಿನವ್ರೂ ಮುರಕೊಳ್ಳಾಕತ್ಯಾರ ನೋಡ್ರಿ," ಎಂದು ತಲೆ ಅಲ್ಲಾಡಿಸಿದ. ಎಲ್ಲರಿಗೂ ಅದು ಖರೆ ಎನಿಸಿತು. ಸಿಮೆಂಟಿನ ಚೀಲವನ್ನು ನಂಬುವವರು ಯಾದಗಿರಿ ಜಿಲ್ಲೆಯಲ್ಲಿ ಹುಟ್ಟಿಲ್ಲ.

ಆಮೇಲೆ ವಿಮಾನ ಏರಿತು. ಅಂಗಳದ ಹಳೆಯ ರಾಗ ಸೂಗಪ್ಪನ ಗಂಟಲಿಗೆ ತಾನಾಗಿ ಬಂತು. ಎಡಗಾಲು: "ಐನೂರಾ ಇಪ್ಪತ್ತೊಂಬತ್ತೋ!" ಬಲಗಾಲು: "ಐನೂರಾ ಮೂವತ್ತೊಂಬತ್ತೋ!" ಬಾಲ: "ಐವತ್ತೊಂಬತ್ತೇ!" ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಶಿರವಾಳದ ಗುಡಿಗಳ ಕಡೆ ಹಾರಿಹೋದವು, ಮೂರು ದಿನ ತಿರುಗಿ ಬರಲಿಲ್ಲ.

ಕಹಕಶಾ ಕೂಡಿಸಿದಳು. ಸಾವಿರದ ನೂರಾ ಇಪ್ಪತ್ತೇಳು. ಹುಬ್ಬು ಗಂಟಿಕ್ಕಿ ವಿಮಾನದ ಬಾಗಿಲ ಒಳಗೆ ಬಡಿದಿದ್ದ ತಗಡಿನ ಫಲಕವನ್ನು ನೋಡಿದಳು. ಲಾರಿಯ ಬದಿಗೆ ಖಾಲಿ ತೂಕ ಬರೆದಿರುತ್ತದಲ್ಲ, ಹಾಗೆ. ಸಾವಿರದ ನೂರಾ ಐವತ್ತು.

"ಇಪ್ಪತ್ತಮೂರು ಕಿಲೊ ಕಮ್ಮಿ," ಎಂದಳು. "ಅಯ್ಯಪ್ಪಣ್ಣ, ಹೊಸಾ ಕಾಲು ಹಳೇದರಷ್ಟಽ ಅದಲ್ಲಾ?"

"ತೂಗಿ ಹಾಕೀನಿ. ಕೂದಲಷ್ಟು ಫರಕಿಲ್ಲ."

"ಕಾಟಾ?"

ಕಾಟಾವನ್ನು ಯಾರಾದರೂ ಅಂದರೆ ಸೂಗಪ್ಪನಿಗೆ ಹೆಂಡತಿಯನ್ನು ಅಂದಂತೆ. ಹೆಂಡತಿಯನ್ನು ಅಂದರೆ ಅವನು ಒಮ್ಮೊಮ್ಮೆ ಒಪ್ಪುತ್ತಿದ್ದ. ಕಾಟಾದ ವಿಷಯದಲ್ಲಿ ಅದೂ ಇಲ್ಲ. "ಸರ್ಕಾರದ ಮೊಹರು ಅದರೀ! ಮೂರಕ್ಕೂ! ಮೂರೂ ಕೂಡಿ ಸುಳ್ಳು ಹೇಳ್ತಾವೇನು? ಕಮ್ಮಿ ಆಗೇದ ಅಂದ್ರ ಯಾರೋ ತಕ್ಕೊಂಡ್ಹೋಗ್ಯಾರ." ಆಮೇಲೆ ದನಿ ತಗ್ಗಿಸಿ ಕೇಳಿದ: "ರಾತ್ರಿ ಇಲ್ಲಿ ಯಾರು ಮಲಗ್ತಾರ?"

ಅಯ್ಯಪ್ಪ ಹೋಗಿ ಸಂದಿಯ ಗೋಣಿ ಎಳೆದು ಬಾಗಿಲು ತೆರೆದ. ಎಲ್ಲರ ಕಣ್ಣೂ ಅತ್ತಲೇ ಹೋಯಿತು. ಬಾಗಿಲಾಚೆ ಮಕ್ತುಮಸಾಬ ಲಾಠಿ ಕಂಕುಳಲ್ಲಿ ಇಟ್ಟುಕೊಂಡು ಎಮ್ಮೆ ಅಟ್ಟುತ್ತಿದ್ದ.

"ನಾಳಿ ಧಣಿ ಬರ್ತಾರ," ಎಂದ ಅಯ್ಯಪ್ಪ. "ಇಪ್ಪತ್ತಮೂರು ಕಿಲೊ ಎಲ್ಲಿ ಹೋತು ಅಂತ ಕೇಳಿದ್ರ ನಾ ಕಾವಲಿನವನ್ನ ತೋರಿಸ್ಬೇಕಾಗ್ತದ. ಅವ್ರು ಪೊಲೀಸ್ ಠಾಣೆಗೇ ಕರಕೊಂಡು ಹೋಗಾವ್ರು. ಹೋದದ್ದು ಸಿಗೂತನಾ ಮೇಡಮ್ ಹಾರಂಗಿಲ್ಲ, ಇವನ್ನ ಬಿಡಂಗಿಲ್ಲ."

ಠಾಣೆ ಎಂಬ ಮಾತು ಸೂಗಪ್ಪನಿಗೆ ಹಿಡಿಸಲಿಲ್ಲ. ಆದರೆ ಸಂಶಯದ ಗಾಲಿ ಒಮ್ಮೆ ಉರುಳಿದರೆ ಅದಕ್ಕೆ ಬ್ರೇಕಿಲ್ಲ. ಮುದನಾಳದ ಚಹಾದಂಗಡಿಗೆ ಹೋಗಿ, ಚಹಾ ಆರುವ ಮೊದಲು ವಿಷಯ ಹೇಳಿಬಿಟ್ಟ. ಹೆಸರೇನೂ ಹೇಳಲಿಲ್ಲ, "ಕಾಯಾವನಽ" ಎಂದು ನಿಲ್ಲಿಸಿದ. ಉಳಿದದ್ದನ್ನು ಊರು ತುಂಬಿಸಿಕೊಂಡಿತು. ಅವನು ಎರಡನೇ ಚಹಾ ಕುಡಿಯುವಾಗ ಇಪ್ಪತ್ತಮೂರು ಕಿಲೊ ಎರಡು ಕ್ವಿಂಟಲ್ ಆಗಿತ್ತು. ಸಂಜೆಗೆ ಮಕ್ತುಮಸಾಬ ಇಡೀ ಇಂಜಿನ್ನನ್ನು ತಲೆಮೇಲೆ ಹೊತ್ತು, ಭೀಮಾ ಹೊಳೆ ಈಜಿ ದಾಟಿ, ಆಚೆ ದಡದಲ್ಲಿ ಮಾರಿ, ನಮಾಜಿನ ಹೊತ್ತಿಗೆ ತಿರುಗಿ ಬಂದಿದ್ದ.

ಸೂಗಪ್ಪ ಸುಮ್ಮನೆ ಕೂಡಲಿಲ್ಲ. ಶೆಡ್ಡಿಗೆ ತಿರುಗಿ ಬಂದು, ಮಕ್ತುಮ ನೀರಿಗೆ ಹೋದ ಸಂದಿ ನೋಡಿ, ಅವನ ಮಂಚದ ಕೆಳಗೆ ಬಗ್ಗಿದ. ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದು ಕೈಗೆ ಸಿಕ್ಕಿತು. ಭಾರ ಇತ್ತು, ಕಬ್ಬಿಣ ಇತ್ತು. ಬಿಚ್ಚಿದ. ಹಮಾಲರ ಕೊಕ್ಕೆ, ಅಂಡಿಗೆಗೆ ಸಿಗಿಸಿ ಎಳೆಯುವಂಥದು, ಹಿಡಿಕೆ ಕೈಬೆವರು ಕುಡಿದು ಕುಡಿದು ಕರ್ರಗಾಗಿತ್ತು. ಅದರ ಡೊಂಕು ಸೂಗಪ್ಪನಿಗೆ ಪರಿಚಯ. ಸಾವಿರಾರು ಸಲ ಅವನ ಕಾಟಾದ ಅಂಚಿಗೆ ಬಂದು ನಿಂತದ್ದು ಅದೇ.

"ಸಿಕ್ತೇನು ಮಾವಾ?"

ಮಕ್ತುಮಸಾಬ ಕೊಡ ಹಿಡಿದು ಹಿಂದೆ ನಿಂತಿದ್ದ.

"ಹಂಗಲ್ಲೋ, ನಾ ಸುಮ್ನ..."

"ಚಹಾದಂಗಡ್ಯಾಗ ಈಗ ಕೇಳಿ ಬಂದೀನಿ. ನಿನ್ನ ಕಾಟಾಕ್ಕ ಹಾಕೂತನಾ ಒಂದು ಕಾಳು ಬಿಟ್ಟಿದ್ನೇನು ನಾ? ಹೇಳು. ಕೆಳಗ ಬಿದ್ದ ಹತ್ತಿ ಸೈತ ಆರಿಸಿ ಮ್ಯಾಲ ಇಡ್ತಿದ್ನಿ." ಅವನು ಕೊಡ ಇಳಿಸಿದ. "ನಾಳಿ ಠಾಣೆಗೆ ಹೋಗ್ತೇನಿ. ಹೋಗ್ಲಿ. ಆದ್ರ ತಿರುಗಿ ಬಂದ ಮ್ಯಾಲ ಈ ಊರಾಗ ನನ್ನ ಕೈಗಿ ಯಾರು ಕೀಲಿ ಕೊಡ್ತಾರ?"

ಸೂಗಪ್ಪ ಮನೆಗೆ ಹೋಗಿ ಊಟಕ್ಕೆ ಕೂತ. ರೊಟ್ಟಿ ಮುರಿದ, ತಿನ್ನಲಿಲ್ಲ. ಗೊಲ್ಲಾಳಮ್ಮ ಎಲ್ಲ ಕೇಳಿ ಪಲ್ಲೆ ಬಡಿಸುತ್ತ ಅಂದಳು: "ಆ ಮನಶ್ಯಾ ಕಳ್ಳ ಅಂದ್ರ ನಾನೂ ಕಳ್ಳಿ. ನೀವು ನಿಮ್ಮ ನೆರಳು ಹಿಂದಿಂದ ಬರ್ತದಂತ ತಿರುಗಿ ತಿರುಗಿ ನೋಡಾವ್ರು. ಒಮ್ಮೆ ನಿಮ್ಮನ್ನ ನೀವು ನೋಡ್ಕೊಂಡೀರಿ?"

"ನನಗೇನಾಗ್ಯದ ನೋಡ್ಲಿಕ್ಕೆ?"

"ಅದಽ," ಎಂದಳು ಆಕೆ, ಪಲ್ಲೆಯ ಚಮಚವನ್ನು ಗಂಗಾಳಕ್ಕೆ ಬಡಿದು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದಾಗ ಕಹಕಶಾ ಕಾಗದದ ಮೇಲೆ ಗೆರೆ ಎಳೆಯುತ್ತ ಕೂತಿದ್ದಳು. ಅಯ್ಯಪ್ಪ ವಿಮಾನದ ಹೊಟ್ಟೆಯೊಳಗಿನ ಪ್ರತಿ ಬೋಲ್ಟನ್ನೂ ಮುಟ್ಟಿ ಬಂದಿದ್ದ. ಎಲ್ಲ ಇದ್ದವು.

"ಕಾಕಾ, ಒಂದು ಮಾತು ತಿಳೀವಲ್ದು," ಎಂದಳು ಆಕೆ. "ಕಳ್ಳ ಮುಂದಿನ ಸಾಮಾನು ಒಯ್ದಿದ್ರ ಬಾಲ ಭಾರ ಆಗಬೇಕಿತ್ತು, ಹೌದಲ್ಲ? ಹಿಂದಿಂದು ಒಯ್ದಿದ್ರ ಮೂತಿ ಭಾರ ಆಗಬೇಕಿತ್ತು. ನಿಮ್ಮ ಚಕ್ಕಡಿ ಹಂಗ. ಆದ್ರ ಭಾರ ತೂಗೂ ಜಾಗಾ ಮೊದಲಿದ್ದಲ್ಲೇ ಅದ. ದಾರದಷ್ಟೂ ಸರಿದಿಲ್ಲ. ನಟ್ಟನಡುವಿನ ಸಾಮಾನು ಹೋಗೇದೇನು ಅಂದ್ರ, ಅಯ್ಯಪ್ಪಣ್ಣ ಎಲ್ಲಾ ಮುಟ್ಟಿ ನೋಡ್ಯಾನ. ಅಂದ್ರ ಕಳ್ಳ ಒಂದು ಸಾಮಾನು ಒಯ್ದಿಲ್ಲ. ಮೂತಿ, ರೆಕ್ಕಿ, ಬಾಲ, ಎಲ್ಲಾ ಕಡಿಂದನೂ ಅವರವರ ತೂಕಕ್ಕ ತಕ್ಕಂಗ, ನೂರಕ್ಕ ಇಷ್ಟು ಅಂತ ಸಮಾ ಕೆತ್ತಕೊಂಡು ಹೋಗ್ಯಾನ. ಅಂಥಾ ಕಳ್ಳ ದುನಿಯಾದಾಗ ಇರ್ತಾನೇನು?"

"ನೂರಕ್ಕ ಎಷ್ಟು?" ಎಂದ ಸೂಗಪ್ಪ.

"ಎರಡು."

ಸೂಗಪ್ಪ ಹತ್ತಿರದ ಡಬ್ಬದ ಮೇಲೆ ಕೂತ. ಮೂಲೆಯಲ್ಲಿ ಸಿಮೆಂಟ್ ಚೀಲ ಇನ್ನೂ ಇತ್ತು. ಐವತ್ತು ಕಿಲೊ ಚೀಲ, ನಲವತ್ತೊಂಬತ್ತು ಎಂದು ತಾನೇ ಕೂಗಿದ್ದ. ನಿನ್ನೆಯ ಮೂರು ಕೂಗು ಕಿವಿಯಲ್ಲಿ ತಿರುಗಿ ಕೇಳಿದವು. ಕೆಂಪು ಅಂಕಿ ನೆನಪಿಗೆ ತಂದುಕೊಂಡ. ಐನೂರಾ ನಲವತ್ತು. ಹೌದು, ಕಣ್ಣು ಕಂಡಿದ್ದು ನಲವತ್ತೇ. ಕಣ್ಣಿನಿಂದ ನಾಲಿಗೆಗೆ ಇರುವ ನಾಲ್ಕು ಬೆರಳ ದಾರಿಯಲ್ಲಿ ಹನ್ನೊಂದು ಕಿಲೊ ಬಿದ್ದುಹೋಗಿತ್ತು. ವಿಮಾನಕ್ಕೆ ಹಸಿ ಇಲ್ಲ, ಧೂಳಿಲ್ಲ, ಚೀಲವಿಲ್ಲ. ನಾಲಿಗೆ ಅದನ್ನು ಕೇಳಿರಲಿಲ್ಲ.

"ಅಂಥಾ ಕಳ್ಳ ಅದಾನ ಬಾಯೀ," ಎಂದ. "ಕಾಟಾ ಮುಂದ ಕುಂತಾನ. ನಾ ಸೂಟು ಮುರದು ಕೂಗೀನಿ."

ಆಕೆಗೆ ಸೂಟು ಎಂದರೇನೆಂದು ಅಯ್ಯಪ್ಪ ಬಿಡಿಸಿ ಹೇಳಿದ. ಕೇಳಿ ಆಕೆ ಮೊದಲು ನಗಲು ಹೋದಳು. ಸೂಗಪ್ಪನ ಮುಖ ನೋಡಿ ನಗು ನುಂಗಿದಳು. "ಹಂಗಾದ್ರ ಈಗಽ ಮತ್ತೊಮ್ಮೆ ತೂಗೋಣು. ಧಣಿ ಬರೋದ್ರೊಳಗ."

"ಸ್ವಲ್ಪ ತಡೀರಿ," ಎಂದು ಸೂಗಪ್ಪ ಎದ್ದ. "ಇಲ್ಲಿ ಸರಿ ಆದ್ರ ಸಾಲಂಗಿಲ್ಲ. ನಿನ್ನಿ ಎಲ್ಲಿ ಚೆಲ್ಲಿ ಬಂದೀನೋ ಅಲ್ಲಿಂದ ಬಳಕೊಂಡು ಬರ್ತೇನಿ."

ಚಹಾದಂಗಡಿಯ ಬೆಂಚಿನ ಮೇಲೆ ಹತ್ತಿ ನಿಂತು, ಅಂಗಳದ ದನಿಯಲ್ಲೇ ಕೂಗಿದ: ಕಳ್ಳ ಮಕ್ತುಮನಲ್ಲ, ನನ್ನ ನಾಲಿಗಿ. ಚಹಾದಂಗಡಿ ಅದನ್ನು ಕೇಳಿತು, ನಂಬಲಿಲ್ಲ. ನಿನ್ನೆ ಆಡಿದ್ದನ್ನು ಒಂದೇ ಸಲಕ್ಕೆ ನಂಬಿದ್ದ ಜನ ಇವತ್ತು ಜಾಣರಾಗಿದ್ದರು.

"ಗೆಳ್ಯಾನ ಸಲುವಾಗಿ ತಪ್ಪು ಮೈಮ್ಯಾಲ ಹಾಕ್ಕೊಳ್ಳಾಕತ್ತೀ ಏನು?" ಎಂದ ಒಬ್ಬ.

"ಇಂಜಿನ್ನಾಗ ಪಾಲು ಕೊಟ್ಟಾನೇನು ಮತ್ತ?" ಎಂದ ಇನ್ನೊಬ್ಬ.

ಜೀವನದಲ್ಲಿ ಮೊದಲ ಸಲ ಸೂಗಪ್ಪ ಸಂಶಯದ ಆ ಬದಿಯಲ್ಲಿ ನಿಂತಿದ್ದ. ಅಲ್ಲಿ ಬಿಸಿಲು ಬಹಳ ಇತ್ತು. "ನಂಬಬ್ಯಾಡ್ರಿ," ಎಂದ. "ನನ್ನ ಮಾತು ಯಾರೂ ನಂಬಬ್ಯಾಡ್ರಿ. ಬಂದು ಕಣ್ಣಾರೆ ನೋಡ್ರಿ."

ಬೆಂಚು ಖಾಲಿಯಾಯಿತು. ಒಲೆಯ ಮೇಲಿನ ಹಾಲು ಉಕ್ಕಲು ಹತ್ತಿದ್ದನ್ನು ಬಿಟ್ಟು ಅಂಗಡಿಯವನೂ ಬಂದ. ಶೆಡ್ಡು ತುಂಬಿತು. ಗಾಳಿ ಬರದಂತೆ ಬಾಗಿಲು ಹಾಕಿದರು. ಅಷ್ಟು ಜನ ಉಸಿರು ಬಿಟ್ಟರೆ ವಿಮಾನ ಒಳಗೇ ಹಾರೀತು ಎಂದು ಅಯ್ಯಪ್ಪ ಅಂಜಿದ. ಅವನು ಮಾಡಿದ ಒಂದೇ ತಮಾಷೆ ಅದು. ಸೂಗಪ್ಪ ಅಂಕಿಯ ಮೂರೂ ಡಬ್ಬಿಗಳನ್ನು ಜನರ ಕಡೆ ತಿರುಗಿಸಿದ. ಕೂಗಲು ಬಾಯಿ ತೆರೆದ. ನಾಲಿಗೆಯ ತುದಿಯಲ್ಲಿ ಆಗಲೇ "ಐನೂರಾ ಇಪ್ಪತ್ತ" ಬಂದು ಕೂತಿತ್ತು. ಬಾಯಿ ಮುಚ್ಚಿಕೊಂಡ.

"ಮಕ್ತುಮ್," ಎಂದ, "ನೀ ಕೂಗೋ. ನನ್ನ ಬಾಯಿ ಮ್ಯಾಲ ನನಗಽ ಭರೋಸಾ ಇಲ್ಲ."

ಮಕ್ತುಮಸಾಬ ಕೂಡಲೇ ಬರಲಿಲ್ಲ. ಲಾಠಿಯನ್ನು ಗೋಡೆಗೆ ಆನಿಸಿ, ತಲೆಯ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡು, ಸಾವಕಾಶ ಬಂದ. ಮೂವತ್ತು ವರ್ಷ ಕಾಟಾದ ಆ ಬದಿಯಿಂದ ಕೇಳಿದ್ದ ರಾಗ ಅದು. ಅವನ ಗಂಟಲಲ್ಲಿ ಅದು ಇನ್ನೂ ದೊಡ್ಡದಾಗಿ ಹೊರಟಿತು.

"ಐನೂರಾ ನಲವತ್ತೋ!"

ಜನ ಬಗ್ಗಿ ಅಂಕಿ ನೋಡಿದರು. ನಲವತ್ತೇ.

"ಐನೂರಾ ಐವತ್ತೋ! ಅರವತ್ತೇ!"

ಕಹಕಶಾ ಕೂಡಿಸುವ ಮೊದಲೇ ಚಹಾದಂಗಡಿಯವನು ಕೂಡಿಸಿದ. ಸಾವಿರದ ನೂರಾ ಐವತ್ತು. ಒಬ್ಬ ಹೋಗಿ ವಿಮಾನದ ಬಾಗಿಲಿನ ಫಲಕ ಓದಿ ಬಂದು, ನಿಜ ಎಂಬಂತೆ ತಲೆಯಾಡಿಸಿದ. ಇಂಜಿನ್ ಭೀಮಾ ಹೊಳೆಯಿಂದ ತಿರುಗಿ ಬಂದಿತ್ತು. ಧಣಿಯ ಜೀಪು ಗರಸಿನ ಮೇಲೆ ಕರಕರ ಅನ್ನುವ ಹೊತ್ತಿಗೆ ಅಯ್ಯಪ್ಪನಿಗೆ ತೋರಿಸಲು ವಿಮಾನ ಒಂದೇ ಉಳಿದಿತ್ತು. ಅವನು ಶೆಡ್ಡಿನ ಕೀಲಿಗೊಂಚಲನ್ನು ಎಲ್ಲರೂ ನೋಡುವಂತೆ ಮಕ್ತುಮಸಾಬನ ಕೈಯಲ್ಲಿಟ್ಟು ಹೊರಗೆ ಹೋದ.

ವಿಮಾನ ಇಳಿಸಿದ ಮೇಲೆ ಸೂಗಪ್ಪ ಗೆಳೆಯನ ಮುಂದೆ ನಿಂತ. ಹೇಳಬೇಕಾದ ಮಾತು ಅವನ ಬಳಿ ಇರಲಿಲ್ಲ; ಜೀವಮಾನವಿಡೀ ಬಳಸದ್ದು ಸಮಯಕ್ಕೆ ಸಿಗುವುದಾದರೂ ಹೇಗೆ?

"ಏರು," ಎಂದ ಮಕ್ತುಮಸಾಬ, ಖಾಲಿ ಕಾಟಾ ತೋರಿಸಿ. ಡಬ್ಬಿಯನ್ನು ತನ್ನ ಕಡೆ ತಿರುಗಿಸಿಕೊಂಡ.

ಸೂಗಪ್ಪ ಏರಿದ. ಜನ ಸುತ್ತ ನಿಂತರು.

"ಎಪ್ಪತ್ತೊಂದು," ಎಂದ ಮಕ್ತುಮಸಾಬ.

ಸೂಗಪ್ಪ ತಡೆಯಲಾರದೆ ಬಗ್ಗಿದ, ಡಬ್ಬಿಯ ಮುಖ ನೋಡಲು. ಬಗ್ಗಿದ್ದಕ್ಕೆ ಕಾಟಾ ಗಡಬಡಿಸಿ ಅಂಕಿ ಕುಣಿಯಿತು.

"ನೆಟ್ಟಗ ನಿಂದ್ರೋ ಮಾವಾ. ಎಪ್ಪತ್ತೊಂದು ಅಂದೀನಲ್ಲ?"

ಸೂಗಪ್ಪ ನೆಟ್ಟಗೆ ನಿಂತ. ಕಣ್ಣು ಎರಡನ್ನೂ ತಗಡಿನ ಮಾಳಿಗೆಯ ಕಡೆ ಎತ್ತಿ ಹಿಡಿದ, ಜಾರಿ ಕೆಳಗೆ ಬೀಳದ ಹಾಗೆ. ಕುತ್ತಿಗೆಯ ನರ ಉಬ್ಬಿತು, ಮೀಸೆಯ ಮೇಲೆ ಬೆವರು ಕೂತಿತು.

"ಎಪ್ಪತ್ತೊಂದು," ಎಂದ, ಅಂಕಿ ನೋಡದೆಯೇ.